ಬೋರ್ಡ್ ಒರೆಸುವ ಮುಂಚೆ

ಪ್ರೀತಿಯ ತರಲೆ,

ಥಿಯರೆಟಿಕಲ್ ಫಿಸಿಕ್ಸ್ ಓದಲೋ ಬೇಡವೋ ಎಂದು ಕೇಳಿದ್ದೀಯ. ಅದಕ್ಕೂ ಮೊದಲೇ ನಿಮ್ಮಪ್ಪನ ಫೋನ್ ಬಂದಿತ್ತು: "ನೀನು ಹಾಳಾಗಿದ್ದು ಸಾಕು, ನನ್ನ ಮಗಳ ತಲೆ ಕೆಡಿಸ್ಬೇಡ." ಅಣ್ಣನಿಗೆ ಎದುರಾಡಲು ಈ ವಾರ ನನಗೆ ಬಾಯಿಲ್ಲ.

ನೀನು ತೊಟ್ಟಿಲಲ್ಲಿದ್ದಾಗಿನಿಂದ ನಾನು ತಿದ್ದುತ್ತಾ ಬಂದ ಸಮೀಕರಣವನ್ನು ಪ್ರಯೋಗಾಲಯದವರು ಪರೀಕ್ಷಿಸಿ ಮುಗಿಸಿದ್ದಾರೆ. ಅದು ನಿಜವೋ, ಬರೀ ಚಂದವೋ ಎಂದು ನಾಳೆ ಬೆಳಿಗ್ಗೆ ಹೇಳುತ್ತಾರೆ. ಅವರಲ್ಲೊಬ್ಬ ನಿನ್ನೆ ಕಾರಿಡಾರಿನಲ್ಲಿ ಎದುರಾದವನು, "ಊಟ ಆಯ್ತಾ ಮೇಡಂ?" ಎಂದು ಕೇಳಿ ಮುಖ ತಪ್ಪಿಸಿ ಹೋದ. ಅವನು ಯಾವತ್ತೂ ನನ್ನ ಊಟ ವಿಚಾರಿಸಿದವನಲ್ಲ.

ಹಾಗಾಗಿ ಇವತ್ತು ಸಲಹೆ ಕೇಳಬೇಡ. ನಾಳೆ ಕಾಲೇಜಿಗೆ ಹೋಗುವ ಮುಂಚೆ ನನ್ನ ಆಫೀಸಿಗೆ ಬಾ. ಬರುವಾಗ ಒಂದು ಹಳೇ ಟವೆಲ್ ತಾ, ಇಲ್ಲಿನ ಡಸ್ಟರ್ ಸವೆದುಹೋಗಿದೆ. ಸಮಾಧಾನ ಮಾತ್ರ ಹೇಳಬೇಡ, ನನಗೆ ಕೆಟ್ಟ ಕೋಪ ಬರುತ್ತದೆ.

ತಪ್ಪೆಂದಾದರೆ ಆ ಸಮೀಕರಣ ಬರೆದಿಟ್ಟ ಬೋರ್ಡನ್ನು ನಾನೇ ಒರೆಸುತ್ತೇನೆ. ಆಮೇಲೆ ನನ್ನ ಕೈಯನ್ನೇ ನೋಡುತ್ತಿರು. ಅದು ಬ್ಯಾಗಿಗೆ ಹೋದರೆ ನಿಮ್ಮಪ್ಪನ ಮಾತು ಕೇಳು. ಮತ್ತೆ ಸೀಮೆಸುಣ್ಣಕ್ಕೆ ಹೋದರೆ, ಏನೂ ಕೇಳದೆ ಪಕ್ಕದಲ್ಲಿ ಬಂದು ನಿಂತುಕೋ.

ನಾಳೆ ಬೆಳಿಗ್ಗೆಯವರೆಗಂತೂ ತಪ್ಪಾಗದ,
ನಿನ್ನ ಅತ್ತೆ