ಬೇವಿನ ಬುಡಕ್ಕೆ ಸುರಿದ ನೀರು

ವಿಜಯಪುರ
2187ನೇ ಇಸವಿ, ಫೆಬ್ರುವರಿ ಮೂವತ್ತು

ನೂರೈವತ್ತಕ್ಕೂ ಹೆಚ್ಚು ವರ್ಷ ಹಿಂದೆ ಶಾಲೆಗೆ ಹೋಗುತ್ತಿರುವ ಹುಡುಗಿಯರಿಗೆ ನೀಲಗಂಗಾ ಬಿರಾದಾರಳ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ತಿಂಗಳುಗಳನ್ನೆಲ್ಲ ಸರಿಸಮ ಮಾಡಿದ ಮೇಲೆ ನಮಗೆ ಈ ದಿನವೂ ಸಿಕ್ಕಿದೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಪತ್ರಿಕೆಗಳನ್ನು ಓದಿ ಕಲಿತವಳು. ಇಲ್ಲಿನ ಹೆಣ್ಣುಮಕ್ಕಳ ಪ್ರೌಢಶಾಲೆಯೊಂದರಲ್ಲಿ ನಾನು ಮೈಗಾವಲಿನವಳು. ನಿಮ್ಮಲ್ಲಿ ನರ್ಸ್ ಎನ್ನುತ್ತಾರಲ್ಲ, ಹೆಚ್ಚುಕಡಿಮೆ ಅದೇ ಕೆಲಸ.

ನಮ್ಮ ಶಾಲೆ ಬೆಳಗಿನ ಐದಕ್ಕೆ ಶುರುವಾಗುತ್ತದೆ. ಹನ್ನೊಂದರ ನಂತರ ಬಿಸಿಲಿಗೆ ಯಾರೂ ಹೊರಗಿರುವುದಿಲ್ಲ. ನೆಲದಡಿಯ ತಂಪುಗಲ್ಲಿಗಳಲ್ಲಿ ನಡೆದು ಮನೆ ಸೇರುತ್ತೇವೆ. ಶಾಲೆಯ ಬಾಗಿಲಲ್ಲಿ ಮೈಗನ್ನಡಿ ಇದೆ. ಅದರ ಮುಂದೆ ಒಂದು ಕ್ಷಣ ನಿಂತರೆ ಸಾಕು, ರಕ್ತ ಕಡಿಮೆಯಿದೆ, ನಿದ್ದೆ ಸಾಲದು ಎಂದು ಹೇಳಿಬಿಡುತ್ತದೆ. ಪ್ರತಿ ಹುಡುಗಿಗೂ ಒಂದು ಎಣಿಕೆ ಬಾಟಲಿ ಕೊಟ್ಟಿದ್ದೇವೆ. ಎಷ್ಟು ನೀರು ಖಾಲಿಯಾಯಿತೆಂದು ಅದೇ ಬರೆದಿಡುತ್ತದೆ. ಇಷ್ಟೆಲ್ಲ ಇದ್ದ ಮೇಲೆ ನಮ್ಮ ಮಕ್ಕಳಿಗೆ ಏನಾದೀತು ಎಂದು ನಾನು ನಿಶ್ಚಿಂತೆಯಿಂದಿದ್ದೆ.

ಹತ್ತನೆಯ ಇಯತ್ತೆಯಲ್ಲಿ ಓದುವ ಮುಬೀನಾ ಇನಾಮದಾರ ಸೈಕಲ್ ಓಟದ ಹುಡುಗಿ. ಜಿಲ್ಲೆಯ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಐದು ವಾರಗಳಿಂದ ಕನ್ನಡಿ ಬಹಳ ಹುಡುಗಿಯರಿಗೆ, ಅವಳಿಗಂತೂ ದಿನವೂ, 'ನೀರು ಸಾಲದು' ಎನ್ನುತ್ತಿತ್ತು. 'ಇನ್ನಷ್ಟು ಕುಡಿಯವ್ವ' ಎಂದು ನಾನೂ ದಿನಾ ಹೇಳುತ್ತಿದ್ದೆ. ಆದರೆ ಬಾಟಲಿಯ ಲೆಕ್ಕದಲ್ಲಿ ನೀರು ಪೂರ್ತಿ ಖಾಲಿ. ಕನ್ನಡಿಯೇ ಕೆಟ್ಟಿದೆಯೆಂದು ತಿಳಿದು ಎರಡು ಸಲ ರಿಪೇರಿಯವರನ್ನು ಕರೆಸಿದೆವು.

ಒಂದು ಬೆಳಿಗ್ಗೆ ಅಭ್ಯಾಸದ ನಡುವೆ ಮುಬೀನಾ ಸೈಕಲ್ಲಿನಿಂದ ಬಿದ್ದಳು. ಓಡಿಹೋಗಿ ನೋಡಿದರೆ ಗಡಗಡ ನಡುಗುತ್ತಿದ್ದಾಳೆ, ಮೈ ಕೆಂಡದಂತೆ ಸುಡುತ್ತಿದೆ, ಕೈ ಸೊಂಟದ ಮೇಲ್ಭಾಗವನ್ನು ಒತ್ತಿ ಹಿಡಿದಿದೆ. ಆಸ್ಪತ್ರೆಗೆ ಓಡಿಬಂದ ಅವಳ ತಾಯಿ ಅತ್ತುಬಿಟ್ಟರು.

"ಎರಡ ದಿನದಿಂದ ಜ್ವರ ಇತ್ತರೀ ಅಕ್ಕಾರ. ಸೈಕಲ್ ತುಳದು ದಣದಾಳ ಅಂತ ಗುಳಿಗಿ ಕೊಟ್ಟು ಮಲಗಿಸಿದ್ದೆ."

ಮೂತ್ರದ ಸೋಂಕು ಮೂತ್ರಪಿಂಡದವರೆಗೆ ಏರಿತ್ತು. ಇನ್ನೂ ತಡವಾಗಿದ್ದರೆ ರಕ್ತಕ್ಕೆ ಸೇರಿ ಜೀವಕ್ಕೇ ಕುತ್ತಾಗುತ್ತಿತ್ತು ಎಂದರು ಡಾಕ್ಟರು. ನೀರು ಕುಡಿಯದೆ, ಮೂತ್ರ ಕಟ್ಟಿಕೊಂಡು ಕೂತರೆ ಹೀಗಾಗುತ್ತದೆ ಎಂದೂ ಹೇಳಿದರು. ಹಾಗಾದರೆ ಬಾಟಲಿಯ ನೀರು ಹೋಗಿದ್ದೆಲ್ಲಿಗೆ?

ನಾಲ್ಕು ದಿನ ಅದೇ ಯೋಚನೆ. ಐದನೆಯ ದಿನ ಶಾಲೆಯ ಅಂಗಳದಲ್ಲಿ ನಿಂತಾಗ ಕಣ್ಣಿಗೆ ಬಿತ್ತು. ಒಂದೇ ದಿನ ನೆಟ್ಟ ಆರು ಬೇವಿನ ಸಸಿಗಳು. ಐದು ನನ್ನ ಮೊಣಕಾಲಿಗೆ ಬಂದಿವೆ, ಗೋಡೆಯ ಹಿಂದಿನ ಒಂದು ಮಾತ್ರ ಅವಕ್ಕಿಂತ ಗೇಣುದ್ದ ಎತ್ತರ ಬೆಳೆದಿದೆ. ಬುಡ ಮುಟ್ಟಿ ನೋಡಿದರೆ ಹಸಿ. ಮುಬೀನಾ ಆಸ್ಪತ್ರೆಯಲ್ಲಿದ್ದಾಳೆ, ಮತ್ತೆ ಈ ನೀರು ಯಾರದು? ಅಲ್ಲೇ ಗೋಡೆಯ ನೆರಳಲ್ಲಿ ಕೂತೆ. ಬಿಡುವಿನ ಗಂಟೆ ಹೊಡೆದದ್ದೇ ನಾಲ್ವರು ಹುಡುಗಿಯರು ಬಂದು ಬಾಟಲಿ ಬೋರಲು ಹಾಕಿದರು. ನನ್ನನ್ನು ಕಂಡು ಓಡಿಹೋದರು.

ನೇರ ಆಸ್ಪತ್ರೆಗೆ ಹೋಗಿ ಮುಬೀನಾಳ ಮಗ್ಗುಲಲ್ಲಿ ಕೂತೆ. ಬೈಯುವುದಿಲ್ಲ, ನನಗೆ ತಿಳಿಯಬೇಕಷ್ಟೇ ಎಂದೆ. ಅವಳು ಗೋಡೆಯ ಕಡೆ ಹೊರಳಿ ಹೇಳಿದಳು.

"ನೀರ ಕುಡದ್ರ ಹೋಗಬೇಕಾಗ್ತದರೀ ಅಕ್ಕಾರ."

"ಹೋದ್ರ ಏನಾತು?"

"ಸಂಡಾಸದ ಬಾಗಲಾ ಮುಚ್ಚಿ ನಿಲ್ಲಂಗಿಲ್ಲರೀ. ಹೊರಗ ಯಾರರೆ ಹಾದ್ರೂ ತಾನ ತೆರೀತದ. ಒಂದ ಸಲ ನಾ ಒಳಗಿದ್ದಾಗ ತೆರೀತು. ಎದುರಿಗೆ ಎಲ್ಲಾರೂ ನಿಂತಿದ್ರು."

ನಮ್ಮ ಶೌಚಾಲಯದ ಬಾಗಿಲುಗಳನ್ನು ಕೈಯಿಂದ ಮುಟ್ಟುವಂತಿಲ್ಲ, ಮನುಷ್ಯರ ಸುಳಿವು ಸಿಕ್ಕರೆ ತಾವಾಗಿ ತೆರೆಯುತ್ತವೆ. ಒಳಗೆ ಯಾರಾದರೂ ಇದ್ದರೆ ಮಾತ್ರ ಮುಚ್ಚಿಯೇ ಇರಬೇಕು; ಆ ವ್ಯವಸ್ಥೆ ಕೆಟ್ಟು ತಿಂಗಳ ಮೇಲಾಗಿತ್ತು. ಸಿಬ್ಬಂದಿಯ ಶೌಚಾಲಯ ಬೇರೆ ಇರುವುದರಿಂದ ನನಗೆ ಗೊತ್ತೇ ಆಗಿರಲಿಲ್ಲ.

"ನನಗರೆ ಹೇಳಬಾರದಿತ್ತೇನವ್ವಾ?"

"ಹೆಂಗ ಹೇಳಲಿ? ನೀವೂ ದಿನಾ ಕುಡಿ, ಕುಡಿ ಅಂದ್ರಿ. ಯಾಕ ಕುಡಿವಲ್ಲಿ ಅಂತ ಕೇಳಲಿಲ್ಲ."



ಮರುದಿನ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಕೇಳಿದೆ. ಅರ್ಧಕ್ಕಿಂತ ಹೆಚ್ಚು ಮಂದಿ ಮನೆಯಿಂದ ಹೊರಟು ಮತ್ತೆ ಮನೆ ಸೇರುವವರೆಗೆ ತಡೆದುಕೊಂಡೇ ಇರುತ್ತಿದ್ದರು. ಮುಟ್ಟಿನ ದಿನಗಳಲ್ಲಿ ಬಟ್ಟೆ ಬದಲಿಸಲೂ ಹೋಗುತ್ತಿರಲಿಲ್ಲ. ಮೂವರಿಗೆ ಆಗಲೇ ಉರಿ ಶುರುವಾಗಿತ್ತು. ಅವರಿಗೆ ಅಂದೇ ಔಷಧಿ ಕೊಡಿಸಿದೆವು. ಮುಖ್ಯ ಗುರುಗಳು 'ದೂರೇ ಬಂದಿಲ್ಲವಲ್ಲ' ಎಂದರು. ಅವರನ್ನು ಕರೆದೊಯ್ದು ಒಳಗೆ ನಿಲ್ಲಿಸಿ, ನಾನು ಹೊರಗಿನಿಂದ ಅತ್ತಿತ್ತ ನಾಲ್ಕು ಹೆಜ್ಜೆ ಹಾಕಿದೆ. ಬಾಗಿಲು ತೆರೆಯಿತು. ಮರುಮಾತಾಡದೆ ಕಮ್ಮಾರನಿಗೆ ಹೇಳಿಕಳಿಸಿದರು. ಆ ಪುಣ್ಯಾತ್ಮ ಚಿಲಕವನ್ನೇ ಕಂಡವನಲ್ಲ. ವಸ್ತುಸಂಗ್ರಹಾಲಯದ ಹಳೆಯ ಬಾಗಿಲೊಂದನ್ನು ನೋಡಿಬಂದು ಒಂಬತ್ತು ಚಿಲಕ ಮಾಡಿಕೊಟ್ಟ. ಮೊದಲ ದಿನ ಹುಡುಗಿಯರು ಸುಮ್ಮಸುಮ್ಮನೆ ಹಾಕಿ ತೆಗೆದು ನೋಡುತ್ತಿದ್ದರು.

ಮುಬೀನಾ ಹನ್ನೆರಡು ದಿನಕ್ಕೆ ಮನೆಗೆ ಬಂದಳು. ಆ ವರ್ಷದ ಸ್ಪರ್ಧೆ ತಪ್ಪಿಹೋಯಿತು, ಅದಕ್ಕೆ ಬಹಳ ಅತ್ತಳು. ಮರುವರ್ಷ ಓಡಿಸಿ ಆರನೆಯವಳಾಗಿ ಬಂದಳು. ಮೂತ್ರಪಿಂಡಗಳು ಚೆನ್ನಾಗಿವೆ.

ಇಷ್ಟಾದ ಮೇಲೆ ನಿಮ್ಮ ಕಾಲದ ಬಗ್ಗೆ ನನಗೆ ಕುತೂಹಲ ಹುಟ್ಟಿತು. ಹಳೆಯ ದಾಖಲೆಗಳನ್ನು ತೆಗೆದು ಓದಿದೆ. ಯಾವ ಶಾಲೆಯಲ್ಲಿ ಎಷ್ಟು ಶೌಚಾಲಯ, ಎಷ್ಟು ನಲ್ಲಿ ಎಂಬುದೆಲ್ಲ ಸಿಕ್ಕಿತು. ಬಾಗಿಲು ಹಾಕಿಕೊಳ್ಳಲು ಬರುತ್ತಿತ್ತೇ ಎಂದು ಯಾರೂ ಬರೆದಿಲ್ಲ. ಅದಕ್ಕೇ ನಿಮ್ಮನ್ನೇ ಕೇಳುತ್ತಿದ್ದೇನೆ: ನೀವು ಬೆಳಿಗ್ಗೆಯಿಂದ ಎಷ್ಟು ನೀರು ಕುಡಿದಿರಿ? ಕುಡಿಯದಿದ್ದರೆ, ಯಾಕೆ? ಮೂತ್ರ ಗಾಢ ಹಳದಿಯಾಗಿದ್ದರೆ ಮೈ ನೀರು ಕೇಳುತ್ತಿದೆ ಎಂದರ್ಥ. ಉರಿಯಿದ್ದರೆ, ಚಳಿಜ್ವರದ ಜೊತೆ ಬೆನ್ನು ನೋಯುತ್ತಿದ್ದರೆ ಗುಳಿಗೆ ನುಂಗಿ ಮಲಗಬೇಡಿ, ಅಂದೇ ಡಾಕ್ಟರಿಗೆ ತೋರಿಸಿ.

ಬಾಗಿಲು ಸರಿಯಿಲ್ಲದಿದ್ದರೆ ದೊಡ್ಡವರಿಗೆ ಹೇಳಿ. ನಾವು ನಾವಾಗಿ ಕೇಳುವುದು ಕಡಿಮೆ, ನನ್ನನ್ನೇ ನೋಡಿದಿರಲ್ಲ. ಒಬ್ಬಳೇ ಹೇಳಲು ನಾಚಿಕೆಯಾದರೆ ಗೆಳತಿಯ ಕೈ ಹಿಡಿದುಕೊಂಡು ಹೋಗಿ ಹೇಳಿ.

ನಿಮ್ಮ,
ನೀಲಗಂಗಾ