ಕೋಣೆಯ ಉಷ್ಣತೆ

ಹನಿಯಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಇದು ಬೈಯುವುದಕ್ಕೆ ಬರೆದ ಪತ್ರವಲ್ಲ. ಮಧ್ಯೆ ಎಲ್ಲಾದರೂ ಬೈಗುಳ ಬಂದರೆ ನುಂಗಿಕೋ. ಇಷ್ಟು ವರ್ಷ ನನ್ನ ಕೈಕೆಳಗೆ ಕೆಲಸ ಮಾಡಿದವಳಿಗೆ ಅದೇನು ಹೊಸದಲ್ಲ. ಫೋನ್ ಮಾಡಿದರೆ ನೀನು ಎತ್ತುವುದಿಲ್ಲ, ಮೇಲ್ ಕಳಿಸಿದರೆ ತೆರೆಯುವುದಿಲ್ಲ. ಕೊನೆಗೆ ನಿನ್ನ ಅಕ್ಕನಿಗೇ ಮಾಡಿದೆ. "ಅವಳು ಮಾತಾಡಲ್ಲ ಅಂತಾಳೆ ಮೇಡಂ. ನಮ್ಮ ಕನ್ನಡಕದ ಅಂಗಡೀಲಿ ಕೂತು ಗಾಜು ಒರೆಸ್ತಾಳೆ. ಒರೆಸಿದ್ದನ್ನೇ ಒರೆಸ್ತಾಳೆ" ಅಂದಳು. ಕಾಗದವಾದರೆ ಅವಳೇ ನಿನ್ನ ಕೈಗೆ ತುರುಕುತ್ತಾಳೆ ಎಂಬ ಧೈರ್ಯದ ಮೇಲೆ ಪೆನ್ನು ಹಿಡಿದಿದ್ದೇನೆ. ನನ್ನ ಅಕ್ಷರ ಕಾಗೆ ಕಾಲು ಗುಬ್ಬಿ ಕಾಲು ಅಂತ ನಗುತ್ತಿದ್ದೆಯಲ್ಲ, ಈಗ ಅನುಭವಿಸು.

ನೀನು ಹೋಗುವ ದಿನ ನನ್ನ ಮೇಜಿನ ಮೇಲೆ ಎರಡು ಕಾಗದ ಇಟ್ಟೆ. ಒಂದು ರಾಜೀನಾಮೆ. ಇನ್ನೊಂದು, ನಮ್ಮ ಲೇಖನವನ್ನು ಪತ್ರಿಕೆಯಿಂದ ವಾಪಸ್ ಪಡೆಯುತ್ತೇವೆ ಎಂಬ ಒಪ್ಪಿಗೆ. ಅದರಲ್ಲಿ ನಿನ್ನ ಸಹಿ ಬಿದ್ದಿತ್ತು, ನನ್ನ ಸಹಿಯ ಜಾಗ ಖಾಲಿ ಇತ್ತು. ಅವೆರಡನ್ನು ನೋಡಿ ನನಗೆ ಸಿಟ್ಟು ಬಂತೇ ಹೊರತು ಭಯವಾಗಲಿಲ್ಲ. ಭಯವಾದದ್ದು ಬಾಗಿಲ ಹತ್ತಿರ ನಿಂತು ನೀನು ಆಡಿದ ಮಾತಿಗೆ. "ಮೇಡಂ, ನಂಗೇ ನನ್ನ ಮೇಲೆ ನಂಬಿಕೆ ಹೋಗಿದೆ. ಗೊತ್ತಿಲ್ದೆ ನಾನೇ ಎಲ್ಲೋ ಏನೋ ತಿದ್ದಿರ್ಬೇಕು" ಅಂದೆ. ಊರೆಲ್ಲ ಸೇರಿ ಒಬ್ಬಳನ್ನು ಸುಳ್ಳುಗಾತಿ ಎಂದರೆ ಜಗಳ ಆಡಬಹುದು. ಅವಳೇ ತನ್ನನ್ನು ಹಾಗೆ ಅಂದುಕೊಂಡುಬಿಟ್ಟರೆ ಯಾರ ಹತ್ತಿರ ಜಗಳ ಆಡುವುದು? ಅದಕ್ಕೆ ನನ್ನ ಹತ್ತಿರ ಉತ್ತರ ಇವತ್ತು ಇದೆ. ಆದರೆ ಪ್ರಯೋಗದಲ್ಲಿ ತೀರ್ಮಾನವನ್ನು ಮೊದಲು ಬರೆಯಬಾರದು ಎಂದು ನಿನಗೆ ಕಲಿಸಿದವಳು ನಾನೇ ಆದ್ದರಿಂದ, ತಾಳ್ಮೆಯಿಂದ ಓದು.

ನೀನು ಲ್ಯಾಬಿಗೆ ಬಂದ ಹೊಸತರಲ್ಲಿ ಎಷ್ಟು ಹೆದರುಪುಕ್ಕಲಿಯಾಗಿದ್ದೆ, ನೆನಪಿದೆಯಾ? ಗಾಜಿನ ಚೂರಿನ ಮೇಲೆ ಹಳದಿ ದ್ರಾವಣ ಹಾಕಿ ಬುಗುರಿಯ ಹಾಗೆ ತಿರುಗಿಸಬೇಕು, ತಿರುಗುತ್ತಿರುವಾಗಲೇ ಮೇಲಿನಿಂದ ಇನ್ನೊಂದು ದ್ರವ ಹನಿಸಬೇಕು. ಹನಿ ಬೇಗ ಬಿದ್ದರೆ ಪದರ ಹರಿಯುತ್ತದೆ, ತಡವಾದರೆ ಮಂಕಾಗುತ್ತದೆ. ಸರಿಯಾಗಿ ಬಿದ್ದರೆ ಮಾತ್ರ ಹಳದಿಯೆಲ್ಲ ಕಪ್ಪಾಗಿ ಕನ್ನಡಿಯ ಹಾಗೆ ಹೊಳೆಯುತ್ತದೆ. ಆ ಕಪ್ಪು ಪದರವೇ ಬಿಸಿಲನ್ನು ಕರೆಂಟ್ ಮಾಡುವುದು. ಪಿಎಚ್‌ಡಿ ಮುಗಿಸಿದವರಿಗೂ ಕೈ ನಡುಗುವ ಆ ಕೆಲಸ ನಿನಗೆ ಕೆಲವೇ ವಾರಗಳಲ್ಲಿ ಒಲಿಯಿತು. ಎಲ್ಲರೂ ನಿನಗೆ ಹನಿಯಮ್ಮ ಎಂದು ಹೆಸರಿಟ್ಟರು. ಹನಿಸುವುದೇನಿದ್ದರೂ ನಿನ್ನ ಪಾಲಿಗೇ ಬಂತು. "ಹನಿಯಮ್ಮಾ, ಸ್ವಲ್ಪ ಬಾರಮ್ಮಾ" ಎಂದು ಆ ಮೂಲೆಯಿಂದ ಒಬ್ಬರು, ಈ ಮೂಲೆಯಿಂದ ಒಬ್ಬರು ಕೂಗುತ್ತಿದ್ದರು. ನೀನು ಒಂದು ಕೈಯಲ್ಲಿ ಹನಿಸುವ ದ್ರವದ ಶೀಶೆ ಹಿಡಿದು, ಇನ್ನೊಂದು ಕೈ ಆಡಿಸುತ್ತಾ, ಬಾಯಿಗೆ ಬಿಡುವಿಲ್ಲದಂತೆ ಮಾತಾಡುತ್ತಾ ಓಡಾಡುತ್ತಿದ್ದೆ.

ಆಮೇಲೆ ಹನಿಸುವ ದ್ರವವನ್ನು ಬದಲಿಸಿ ನೋಡಿದಾಗ ನಮ್ಮ ಲೇಖನದ ಆ ಪದರ ಬಂತು. ಉಳಿದವರು ಮಾಡಿದ ಪದರಗಳು ತೇವ ತಾಗಿದರೆ ಕೆಲವೇ ದಿನಗಳಲ್ಲಿ ಮತ್ತೆ ಹಳದಿಗೆ ತಿರುಗುತ್ತಿದ್ದವು. ನೀನು ಮಾಡಿದ್ದು ಮಾತ್ರ ಬಿಸಿ, ತೇವ ಎರಡನ್ನೂ ತಡೆದುಕೊಂಡು ಕಪ್ಪಗೇ ಉಳಿಯಿತು. ಅಳೆದೆವು, ಮತ್ತೆ ಅಳೆದೆವು, ಯಂತ್ರವೇ ಕೆಟ್ಟಿದೆ ಎಂದುಕೊಂಡು ಬೇರೆ ಯಂತ್ರದಲ್ಲಿ ಅಳೆದೆವು. ಆ ದಿನ ನಾನು ನಿನ್ನನ್ನು ಅಪ್ಪಿಕೊಂಡದ್ದನ್ನು ನೋಡಿ ಲ್ಯಾಬಿನವರು ಗಾಬರಿಯಾದರು. ಮೇಡಂಗೆ ಹುಷಾರಿಲ್ವಾ ಎಂದು ಯಾರೋ ಕೇಳಿದ್ದು ನನ್ನ ಕಿವಿಗೂ ಬಿತ್ತು.

ಲೇಖನ ಅಚ್ಚಾಯಿತು. ನಿನಗೆ ಒಂದು ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿತು. ಅಷ್ಟರಲ್ಲಿ ಶುರುವಾಯಿತು ನೋಡು. ಒಂದು ಲ್ಯಾಬಿನವರು ಬರೆದರು, ನಮಗೆ ಬರುತ್ತಿಲ್ಲ. ಇನ್ನೊಂದು ಲ್ಯಾಬಿನವರು ಬರೆದರು, ನಮಗೂ ಬರುತ್ತಿಲ್ಲ. ನಮ್ಮವರೇ ಕೂತು ಮಾಡಿದರೆ ಅವರಿಗೂ ಬರಲಿಲ್ಲ. ನೀನು ಮಾಡಿದರೆ ಬರುತ್ತಿತ್ತು. ಸಮ್ಮೇಳನದಲ್ಲಿ ಆ ಮೊದಲ ಲ್ಯಾಬಿನ ಮುಖ್ಯಸ್ಥ, ಸೆಕೆಯಲ್ಲೂ ಟೈ ಬಿಚ್ಚದ ಆ ಟೈ ಪ್ರೊಫೆಸರ್ ಎದ್ದು ನಿಂತು, "ಆ ಹುಡುಗಿ ಕೈಯಲ್ಲಿ ಮಾತ್ರ ಆಗುತ್ತೆ ಅಂದ್ರೆ ಅದನ್ನ ಸಂಶೋಧನೆ ಅನ್ನಲ್ಲ, ಕೈಗುಣ ಅಂತಾರೆ" ಅಂದ. ಸಭೆಯೆಲ್ಲ ಗೊಳ್ಳೆಂದು ನಕ್ಕಿತು. ನೀನು ವೇದಿಕೆಯ ಮೇಲೆ ಮೈಕು ಹಿಡಿದುಕೊಂಡೇ ನಿಂತಿದ್ದೆ.

ಆ ಮಾತು ಕೇಳಿ ನನಗೆ ಯಾಕೆ ಅಷ್ಟು ಉರಿಯಿತು ಎಂದು ನಿನಗೆ ಯಾವತ್ತೂ ಹೇಳಲಿಲ್ಲ. ಕೈಗುಣ ಎನ್ನುವುದು ಡಾಕ್ಟರಿಗೆ ಹೊಗಳಿಕೆ, ಅಡುಗೆಯವರಿಗೆ ಹೊಗಳಿಕೆ, ನಮ್ಮ ಕಸುಬಿನಲ್ಲಿ ಮಾತ್ರ ಬೈಗುಳ. ನನಗೆ ಕಲಿಸಿದ ಮೇಷ್ಟ್ರು ಅದೇ ಬೈಗುಳ ಹೊತ್ತುಕೊಂಡೇ ಹೋದರು. ನೀರಿನಿಂದ ಹೈಡ್ರೋಜನ್ ಬಿಡಿಸುವ ಒಂದು ಪುಡಿ ಮಾಡಿದ್ದರು. ಅದು ಅವರೊಬ್ಬರಿಗೇ ಬರುತ್ತಿತ್ತು. ಎಲ್ಲೇ ಹೋದರೂ ಜನ "ಏನ್ಸಾರ್, ಕೈಗುಣ ಹೇಗಿದೆ?" ಎಂದು ಕೇಳುತ್ತಿದ್ದರು. ಪಾಪ, ಅವರೂ ಜೊತೆಗೆ ನಗುತ್ತಿದ್ದರು. ಆಮೇಲೆ ಲ್ಯಾಬಿಗೆ ಬರುವುದನ್ನೇ ಬಿಟ್ಟು, ನಿವೃತ್ತಿಯವರೆಗೆ ಮೊದಲ ವರ್ಷದವರಿಗೆ ಪಾಠ ಮಾಡಿಕೊಂಡಿದ್ದರು. ಆ ಪುಡಿಯಲ್ಲಿ ಏನಿತ್ತು ಎಂಬುದು ಇಂದಿಗೂ ಯಾರಿಗೂ ಗೊತ್ತಿಲ್ಲ. ಗೊತ್ತುಮಾಡಿಕೊಳ್ಳಲು ಯಾರೂ ಕೂರಲಿಲ್ಲ. ನಾನು ಆಗಿನ್ನೂ ವಿದ್ಯಾರ್ಥಿನಿ, ಬೇರೆ ದೇಶದಲ್ಲಿ ಓದಲು ಹೊರಟಿದ್ದೆ. ಅವರ ವಿಷಯ ಈಗಲೂ ನೆನೆದರೆ ಸಂಕಟವಾಗುತ್ತದೆ.

ಇರಲಿ, ನಿನ್ನ ವಿಷಯಕ್ಕೆ ಬರುತ್ತೇನೆ. ವಿಚಾರಣೆಯ ಸಮಿತಿ ಬಂತು. ಅವರ ಎದುರಿಗೇ ಮಾಡಿ ತೋರಿಸು ಎಂದರು. ನೀನು ಖುಷಿಯಿಂದಲೇ ಒಪ್ಪಿದೆ. ಕೈಚಳಕಕ್ಕೆ ಅವಕಾಶ ಇರಬಾರದು ಎಂದು ಸಮಿತಿಯ ಹಿರಿಯರು, "ಶೀಶೆ ಎಲ್ಲರಿಗೂ ಕಾಣೋ ಹಾಗೆ ಮೇಜಿನ ಮೇಲೇ ಇರ್ಲಿ, ಬೇಕಾದಾಗ ಮಾತ್ರ ಮುಟ್ಟಿ" ಅಂದರು. ನೀನು ಹಾಗೇ ಮಾಡಿದೆ. ಪದರ ಮಂಕಾಗಿ ಬಂತು. ಇನ್ನೊಂದು ಮಾಡಿದೆ, ಅದೂ ಮಂಕು. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ವಿಶ್ವವಿದ್ಯಾಲಯದವರು ನಿನ್ನ ನೇಮಕ ತಡೆಹಿಡಿದದ್ದು ಅದಾದ ಮೇಲೆ. ನೀನು ನಿನ್ನನ್ನೇ ಅನುಮಾನಿಸಲು ಶುರುಮಾಡಿದ್ದೂ ಅವತ್ತೇ.

ನೀನು ಹೋದ ಮೇಲೆ ನಾನು ಮತ್ತೆ ಗ್ಲೌಸ್ ಹಾಕಿದೆ. ಮೀಟಿಂಗು, ವರದಿ ಎಂದು ಹನಿಸುವುದನ್ನೇ ಮರೆತಿದ್ದ ಕೈ. ಮಾಡಿದ್ದೆಲ್ಲ ಮಂಕು. ಮುದುಕಿಗೆ ಯಾಕೆ ಈ ಹಟ ಎಂದು ಹುಡುಗರು ಗುಸುಗುಸು ಮಾಡುತ್ತಿದ್ದರು. ಒಂದು ದಿನ ಇನ್ನೇನು ಹನಿಸಬೇಕು, ಅಷ್ಟರಲ್ಲಿ ಡೀನ್ ಆಫೀಸಿನ ಗುಮಾಸ್ತರ ಫೋನು. ಸ್ಪೀಕರಿಗೆ ಹಾಕಿದೆ. "ಮೇಡಂ, ಆ ಕಾಗದಕ್ಕೆ ನಿಮ್ದೊಂದು ಸಹಿ ಬಿದ್ಬಿಟ್ರೆ ಫೈಲ್ ಮುಚ್ಬಹುದು" ಅಂದರು. "ನಿಮ್ಮ ಫೈಲ್ ಮುಚ್ಚೋಕೆ ನನ್ನ ಹುಡುಗಿ ಬಾಯಿ ಮುಚ್ಚಿಸ್ಬೇಕಾ?" ಅಂದೆ. "ಅಯ್ಯೋ ಹಾಗಲ್ಲ ಮೇಡಂ..." ಎಂದರು ಪಾಪ. ಅವರದೇನೂ ತಪ್ಪಿಲ್ಲ, ಆದರೂ ಡೀನಿಗೂ ಸಮಿತಿಗೂ ಟೈ ಪ್ರೊಫೆಸರಿಗೂ ಹೇಳಬೇಕಾದದ್ದೆಲ್ಲ ಅವರ ತಲೆಯ ಮೇಲೆ ಸುರಿದೆ. ಅವರು "ಹೂಂ ಮೇಡಂ, ಹೂಂ ಮೇಡಂ" ಎನ್ನುತ್ತಲೇ ಇದ್ದರು. ಬೈದು ಬೈದು ಸಾಕಾಗಿ ಫೋನ್ ಇಟ್ಟು, ಅದೇ ಸಿಟ್ಟಿನಲ್ಲಿ ಯಂತ್ರ ತಿರುಗಿಸಿ ಹನಿ ಬಿಟ್ಟೆ.

ಪದರ ಕಪ್ಪಾಯಿತು ಕಣೇ. ಕನ್ನಡಿಯ ಹಾಗೆ ಹೊಳೆಯಿತು. ಅದರಲ್ಲಿ ನನ್ನ ಮುಖ ಕಾಣಿಸಿತು, ಮುಖದಲ್ಲಿ ಇನ್ನೂ ಸಿಟ್ಟಿತ್ತು.

ಏನು ಬೇರೆ ಮಾಡಿದೆ ಎಂದು ಯೋಚಿಸುತ್ತಾ ಕೂತೆ. ಅದೇ ದ್ರಾವಣ, ಅದೇ ಯಂತ್ರ. ಆಗ ಎಡಗೈ ನೋಡಿಕೊಂಡೆ. ಬೈದಷ್ಟು ಹೊತ್ತೂ ದ್ರವದ ಶೀಶೆಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದೇ ಇದ್ದೆ. ಮುಟ್ಟಿದರೆ ಶೀಶೆ ಬೆಚ್ಚಗಿತ್ತು.

ಪುಣ್ಯಾತ್ಗಿತ್ತಿ, ನೀನು ಯಾವತ್ತಾದರೂ ಒಂದು ಶೀಶೆಯನ್ನು ಕೆಳಗೆ ಇಟ್ಟದ್ದುಂಟಾ? ಹೊಸತರಲ್ಲಿ ಒಂದು ಶೀಶೆ ಮೇಜಿನಿಂದ ಉರುಳಿ ಒಡೆದಾಗ, "ಕೈಯಲ್ಲಿ ಹಿಡ್ಕೊಂಡಿರೋಕೆ ಏನು ಧಾಡಿ ನಿಂಗೆ?" ಎಂದು ನಾನು ಲ್ಯಾಬು ಅದುರುವ ಹಾಗೆ ಬೈದಿದ್ದೆ. ಅವತ್ತಿನಿಂದ ನೀನು ಹಿಡಿದೇ ಇದ್ದೀಯ, ಎಲ್ಲರ ಜೊತೆ ಹರಟುತ್ತಾ, ಏಸಿಯ ಚಳಿಯಲ್ಲಿ ಮುಷ್ಟಿ ಬಿಗಿ ಮಾಡಿಕೊಂಡು. ಈ ಸಂಶೋಧನೆಯಲ್ಲಿ ನನ್ನ ಬೈಗುಳಕ್ಕೂ ಒಂದು ಪಾಲು ಸಿಗಬೇಕು, ಆಯಿತಾ? ಸಮಿತಿಯವರು ಶೀಶೆ ಮೇಜಿನ ಮೇಲೆ ಇಡಿಸಿದರು, ಅದು ತಣ್ಣಗಾಯಿತು, ಪದರ ಕೆಟ್ಟಿತು. ನಾವು ಲೇಖನದಲ್ಲಿ ಏನೆಂದು ಬರೆದಿದ್ದೆವು? "ಕೋಣೆಯ ಉಷ್ಣತೆಯಲ್ಲಿ." ಯೋಚನೆಯೇ ಮಾಡದೆ ರಸಾಯನಶಾಸ್ತ್ರದವರೆಲ್ಲ ಬರೆಯುವ ಎರಡು ಪದ. ಅದನ್ನು ನಂಬಿ ಉಳಿದವರೆಲ್ಲ ಶೀಶೆಯನ್ನು ಕಪಾಟಿನಿಂದ ತೆಗೆದು ನೇರವಾಗಿ ಹನಿಸಿದರು.

ಅವತ್ತೇ ನಿಮ್ಮ ಮನೆಗೆ ಓಡಿ ಬರೋಣ ಅನ್ನಿಸಿತು. ತಡೆದುಕೊಂಡೆ. ಇನ್ನೊಮ್ಮೆ ಆಸೆ ಹುಟ್ಟಿಸಿ ಕೈಕೊಟ್ಟರೆ ನೀನು ತಡೆದುಕೊಳ್ಳುತ್ತಿರಲಿಲ್ಲ. ಮಾರನೆಯ ದಿನ ಲ್ಯಾಬಿನವರನ್ನೆಲ್ಲ ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರ ಮುಷ್ಟಿಗೂ ಒಂದೊಂದು ಶೀಶೆ ಕೊಟ್ಟು ಹರಟೆ ಹೊಡೆಯಲು ಹೇಳಿದೆ. ಮೇಡಂಗೆ ತಲೆ ಕೆಟ್ಟಿದೆ ಎಂಬುದು ಎಲ್ಲರಿಗೂ ಖಾತ್ರಿಯಾಯಿತು. ಆದರೆ ಪದರಗಳು ಕಪ್ಪಗೆ ಬಂದವು. ಆಮೇಲೆ ಕೈಗಳನ್ನು ಬಿಟ್ಟು, ಬೆಚ್ಚಗಿನ ನೀರಿನಲ್ಲಿ ಶೀಶೆ ಇಟ್ಟು, ಥರ್ಮಾಮೀಟರ್ ಹಾಕಿ ಮಾಡಿಸಿದೆ. ಮೈಬಿಸಿಯ ಹತ್ತಿರಕ್ಕೆ ಬಂದರೆ ಕಪ್ಪು, ಕಡಿಮೆಯಾದರೆ ಮಂಕು. ಬಿಸಿ, ತೇವದ ಪರೀಕ್ಷೆಗೂ ಹಾಕಿ ಕಾದೆ. ಹಳದಿಗೆ ತಿರುಗಲಿಲ್ಲ. ಆಮೇಲೆ ಮೂಗು ಹಿಡಿದುಕೊಂಡು ಟೈ ಪ್ರೊಫೆಸರಿಗೆ ಫೋನ್ ಮಾಡಿದೆ. "ಶೀಶೆಯನ್ನ ಸ್ವಲ್ಪ ಹೊತ್ತು ಮುಷ್ಟಿಯಲ್ಲಿ ಹಿಡ್ಕೊಂಡು ನೋಡಿ" ಅಂದೆ. ತಮಾಷೆ ಮಾಡ್ತಿದೀರಾ ಎಂದು ಕೇಳಿದ. ಹತ್ತು ದಿನ ಬಿಟ್ಟು ಅವನೇ ಫೋನ್ ಮಾಡಿದ. ಬಹಳ ಹೊತ್ತು ಕೆಮ್ಮಿದ. "ನಮ್ಮಲ್ಲೂ ಬಂತು ಮೇಡಂ. ಅವತ್ತು ನಾನು ಹಾಗೆ ಅನ್ಬಾರ್ದಿತ್ತು. ಅವರಿಗೆ ಹೇಳ್ತೀರಾ?" ಅಂದ. ಸಭೆಯಲ್ಲಿ ಅಂದದ್ದನ್ನು ಸಭೆಯಲ್ಲೇ ಹೇಳಿ ಅಂದೆ. ಒಪ್ಪಿದ್ದಾನೆ.

ಆದ್ದರಿಂದ ನಾನು ಸಹಿ ಹಾಕುವುದಿಲ್ಲ. ಲೇಖನದಲ್ಲಿ ತಪ್ಪಿದೆ ನಿಜ, ಅದನ್ನು ತಿದ್ದಿ ಬರೆದಿದ್ದೇನೆ: "ಈ ದ್ರವ ಕೋಣೆಯ ಉಷ್ಣತೆಯಲ್ಲಿ ಇರಲಿಲ್ಲ. ಪದರವನ್ನು ತಯಾರಿಸಿದವರ ಕೈಯ ಉಷ್ಣತೆಯಲ್ಲಿತ್ತು." ಸಂಪಾದಕರು ಎರಡನೆಯ ವಾಕ್ಯವನ್ನು ಕತ್ತರಿಸಿದರೆ ಅವರ ಜೊತೆಗೂ ಜಗಳ ಇದೆ. ನಿನ್ನ ವಿಶ್ವವಿದ್ಯಾಲಯಕ್ಕೂ ಎಲ್ಲವನ್ನೂ ಬರೆದಿದ್ದೇನೆ. ಅವರು ಏನು ಮಾಡುತ್ತಾರೋ ಗೊತ್ತಿಲ್ಲ, ಸುಳ್ಳು ಭರವಸೆ ಕೊಡಲಾರೆ. ಇನ್ನೊಂದು ವಿಷಯಕ್ಕೂ ಮನಸ್ಸು ಗಟ್ಟಿ ಮಾಡಿಕೋ. ಇನ್ನು ಮೇಲೆ ಈ ಪದರ ಯಾರು ಬೇಕಾದರೂ ಮಾಡಬಹುದು. ಟೈ ಪ್ರೊಫೆಸರನ ಹುಡುಗರು ಒಂದೇ ವರ್ಷದಲ್ಲಿ ನಮ್ಮನ್ನು ಹಿಂದೆ ಹಾಕುತ್ತಾರೆ. ಹಾಕಲಿ ಬಿಡು. ಯಾರದೋ ಮನೆಯ ಛಾವಣಿಯ ಮೇಲೆ, ನಮ್ಮಿಬ್ಬರ ಹೆಸರೂ ಕೇಳದವರಿಗೆ ಅದು ದೀಪ ಹಚ್ಚಿಕೊಟ್ಟರೆ ಸಾಕು ಎಂದಲ್ಲವೇ ಈ ಕೆಲಸಕ್ಕೆ ಇಳಿದದ್ದು?

ನಿನ್ನನ್ನು ವಾಪಸ್ ಬಾ ಎಂದು ಕರೆಯುತ್ತಿಲ್ಲ. ಬಂದರೆ ನನಗೆ ಸಂತೋಷ. ನೀನಿಲ್ಲದೆ ಲ್ಯಾಬು ಬಿಕೋ ಎನ್ನುತ್ತದೆ, ನಾಚಿಕೆ ಬಿಟ್ಟು ಹೇಳುತ್ತೇನೆ. ಕನ್ನಡಕದ ಅಂಗಡಿಯೇ ಹಿತವಾಗಿದ್ದರೆ ಅಲ್ಲೇ ಇರು, ನನಗೂ ಹೊಸ ಕನ್ನಡಕ ಬೇಕಾಗಿದೆ. ಆದರೆ ಎಲ್ಲಿದ್ದರೂ ಒಂದು ಮಾತು ತಿಳಿದುಕೊಂಡಿರು. ನೀನು ಏನನ್ನೂ ತಿದ್ದಿರಲಿಲ್ಲ ಮಗಳೇ. ಕಂಡದ್ದನ್ನೇ ಬರೆದಿದ್ದೆ. ಗೊತ್ತಿದ್ದೂ ಅಲ್ಲ, ಗೊತ್ತಿಲ್ಲದೆಯೂ ಅಲ್ಲ, ನೀನು ಒಂದೇ ಒಂದು ಸುಳ್ಳು ಹೇಳಿರಲಿಲ್ಲ.

ಈ ಕಾಗದ ಓದಿ ಅಳು ಬಂದರೆ ಅತ್ತುಬಿಡು, ಆಮೇಲೆ ಊಟ ಮಾಡು, ಅಕ್ಕನನ್ನು ಗೋಳು ಹೊಯ್ದುಕೊಳ್ಳಬೇಡ. ನಿನ್ನ ಹೊಟ್ಟೆ ಯಾವಾಗಲೂ ತಣ್ಣಗಿರಲಿ. ಕೈ ಮಾತ್ರ ಬೆಚ್ಚಗಿರಲಿ.

ಇಂತಿ,
ನಿನ್ನ ಸಿಡುಕಿ ಮೇಡಂ