ಏಳನೇ ಪ್ರಶ್ನೆಗೆ ಹೌದು ಎಂದವರು

ಜಿಲ್ಲೆಯ ಆರೋಗ್ಯ ಸಮೀಕ್ಷೆಗಳಿಗೆ ಒಪ್ಪಿಗೆಯ ಮೊಹರು ಒತ್ತುವ ಅಧಿಕಾರಿಗಳಿಗೆ,

ಮಾನ್ಯರೇ,

ತಮ್ಮ ಉತ್ತರ ತಲುಪಿತು. ಮೊಳಕಾಲ್ಮೂರಿನ ನಮ್ಮ ನೇಕಾರರ ಬೀದಿಯಲ್ಲಿ ಕ್ಷಯ ಮತ್ತು ಸಕ್ಕರೆ ಕಾಯಿಲೆ ಎರಡನ್ನೂ ಒಟ್ಟಿಗೆ ತಪಾಸಣೆ ಮಾಡಿಸಿ ಎಂದು ಅರವತ್ತು ಜನ ಸಹಿ ಹಾಕಿ ಅರ್ಜಿ ಕೊಟ್ಟಿದ್ದೆವು. ಅದಕ್ಕೆ ತಾವು, 'ಲಭ್ಯವಿರುವ ಎರಡು ಅಧ್ಯಯನಗಳ ಪ್ರಕಾರ ಸದರಿ ಬೀದಿಯಲ್ಲಿ ಎರಡೂ ಕಾಯಿಲೆಗಳಿರುವ ಪ್ರಕರಣಗಳು ಕಂಡುಬಂದಿರುವುದಿಲ್ಲ. ಜಂಟಿ ತಪಾಸಣೆಯ ಅಗತ್ಯ ಉದ್ಭವಿಸುವುದಿಲ್ಲ' ಎಂದು ಬರೆದಿದ್ದೀರಿ. ಕಂಡುಬರುವುದಾದರೂ ಹೇಗೆ ಸ್ವಾಮಿ? ಅಂಥವರ ಹೆಸರಿನ ಮೇಲೆಲ್ಲ ಗೆರೆ ಎಳೆದವನು ನಾನೇ. ಅದರಲ್ಲಿ ಒಂದು ಹೆಸರು ನನ್ನ ತಂಗಿಯದು.

ನಾನು ನೇಕಾರ. ನಮ್ಮ ಬೀದಿಯಲ್ಲಿ ಮನೆಮಾತು ತೆಲುಗು. ಸಮೀಕ್ಷೆಯವರು ಕನ್ನಡದ ಫಾರಂ ಹಿಡಿದು ಬರುತ್ತಾರೆ, ನಮ್ಮ ಹೆಂಗಸರು ತೆಲುಗಿನಲ್ಲಿ ಉತ್ತರ ಹೇಳುತ್ತಾರೆ, ನಡುವೆ ನಾನಿರಬೇಕು. ಹತ್ತು ವರ್ಷಗಳಲ್ಲಿ ಐದು ತಂಡಗಳ ಜೊತೆ ಮನೆಮನೆ ಸುತ್ತಿದ್ದೇನೆ. ಒಬ್ಬರು ನೀರಿನ ಫ್ಲೋರೈಡ್ ಕೇಳಿದರು, ಒಬ್ಬರು ಬಿ.ಪಿ., ಒಬ್ಬರು ಡೆಂಗಿ. ಯಾರಿಗೂ ಇನ್ನೊಬ್ಬರ ಕಾಯಿಲೆ ಬೇಡ. ಬೀದಿಯವರು ನನ್ನನ್ನು ಫಾರಂ ಹೊನ್ನೂರಸ್ವಾಮಿ ಎಂದು ಕರೆಯುತ್ತಾರೆ. ಮೊದಮೊದಲು ಆ ಹೆಸರು ನನಗೆ ಹೆಮ್ಮೆಯದಾಗಿತ್ತು.

ತಂಗಿಯ ಹೆಸರು ಚಿಕ್ಕಕ್ಕ, ವಯಸ್ಸು ನಲವತ್ತೊಂದು, ನನ್ನ ಗೋಡೆಗೆ ಹೊಂದಿಕೊಂಡ ಮನೆ. ಗಂಡ ತೀರಿಕೊಂಡ ಮೇಲೆ ಮಗಳು ದಿವ್ಯಾಳನ್ನು ಸಾಕಿದ್ದು, ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಒಂದು ಗುಂಡಿ ಮಗ್ಗ. ನಮ್ಮ ಕಡೆಯ ಗಾಳಿ ಎಂಥದ್ದೆಂದು ತಮ್ಮ ಕಚೇರಿಯ ಫ್ಯಾನಿನ ಕೆಳಗೆ ಗೊತ್ತಾಗಲಾರದು. ಗುಡ್ಡದ ಮೇಲಿನ ಗಾಳಿಯಂತ್ರ ತಿರುಗಿಸುವ ಆ ಒಣಗಾಳಿ ಮನೆಯೊಳಗೆ ಬಂದರೆ ರೇಷ್ಮೆ ಎಳೆ ಒಣಗಿ ಕಡಿಯುತ್ತದೆ. ಆದ್ದರಿಂದ ಹಾಸು, ಅಂದರೆ ಕೆಲವು ಸೀರೆಗಾಗುವಷ್ಟು ಉದ್ದನೆಯ ಎಳೆಗಳು, ಮಗ್ಗದ ಮೇಲಿರುವಷ್ಟು ದಿನವೂ ನಾವು ಕಿಟಕಿ ಮುಚ್ಚಿ, ನೆಲಕ್ಕೆ ನೀರು ಚಿಮುಕಿಸಿ, ತೇವದಲ್ಲಿ ಕೂತು ನೇಯುತ್ತೇವೆ. ಆರೋಗ್ಯ ಇಲಾಖೆಯವರು ಬೀದಿಗೆ ಕಾಲಿಟ್ಟರೆ ನಮ್ಮ ಸಾಲಿನ ಹನ್ನೊಂದು ಮನೆಯ ಕಿಟಕಿಗಳು ತೆರೆಯುತ್ತವೆ, ಅವರು ತಿರುವು ದಾಟಿದರೆ ಹನ್ನೊಂದೂ ಮುಚ್ಚುತ್ತವೆ. ನಾನೂ ಹೀಗೇ ಮಾಡಿದ್ದೇನೆ, ಸುಳ್ಳು ಹೇಳುವುದಿಲ್ಲ.

ಚಿಕ್ಕಕ್ಕನಿಗೆ ಸಕ್ಕರೆ ಕಾಯಿಲೆ ಇರುವುದು ಎಲ್ಲರಿಗೂ ಗೊತ್ತಿತ್ತು. ಕೆಮ್ಮು ಶುರುವಾದಾಗ ಅದನ್ನು ಮಗ್ಗದ ಕೆಮ್ಮು ಎಂದುಕೊಂಡೆವು, ರೇಷ್ಮೆಯ ಧೂಳಿಗೆ ನೇಕಾರರೆಲ್ಲ ಕೆಮ್ಮುತ್ತಾರೆ. ಸೊರಗಿದಳು. ಸಕ್ಕರೆ ತಿಂದುಹಾಕುತ್ತಿದೆ ಎಂದು ನಾನೇ ಹೇಳಿದೆ. ಕೊರೊನಾ ವರ್ಷದಲ್ಲಿ ಕೆಮ್ಮಿದವರ ಮನೆಗೆ ಟೇಪು ಸುತ್ತಿದ್ದನ್ನು ಕಂಡು ನಮ್ಮ ಬೀದಿ ಕೆಮ್ಮು ನುಂಗುವುದನ್ನು ಕಲಿತಿತ್ತು. ಆ ಅಭ್ಯಾಸ ಇನ್ನೂ ಹೋಗಿಲ್ಲ.

ಅಂಥ ಹೊತ್ತಿನಲ್ಲಿ ಕ್ಷಯದ ಸಮೀಕ್ಷೆ ಬಂತು. ಫಾರಂನ ಏಳನೇ ಪ್ರಶ್ನೆ: 'ಬೇರೆ ದೀರ್ಘಕಾಲದ ಕಾಯಿಲೆ ಇದೆಯೇ? ಹೌದು ಎಂದರೆ ಇಲ್ಲಿಗೆ ನಿಲ್ಲಿಸಿ.' ತಂಡದಲ್ಲಿದ್ದ ದೀಪಿಕಾ ಎಂಬ ಸಂಶೋಧಕಿ ಮುಂದಿನ ಮನೆಗೆ ಹೋಗಿದ್ದರು. ನಾನು ತಂಗಿಯನ್ನು ಕೇಳಿದೆ. ಅವಳು ಮಗ್ಗದಿಂದ ತಲೆ ಎತ್ತದೆ, "ನಿನಗೆ ಗೊತ್ತಿಲ್ವೇನಣ್ಣಾ, ಸಕ್ಕರೆ ಐತಲ್ಲ," ಅಂದಳು. ನಿಯಮದ ಪ್ರಕಾರ ಗೆರೆ ಎಳೆದೆ. ಕಫದ ಡಬ್ಬಿ ನನ್ನ ಚೀಲದಲ್ಲೇ ಉಳಿಯಿತು.

ಮರುವರ್ಷ ಚಳ್ಳಕೆರೆಯಲ್ಲಿ ಇನ್ನೊಂದು ತಂಡದ ಸಕ್ಕರೆ ಅಧ್ಯಯನದ ಶಿಬಿರ. ಬೀದಿಯವರ ಜೊತೆ ತಂಗಿಯನ್ನೂ ಬಸ್ಸಿನಲ್ಲಿ ಕರೆದುಕೊಂಡು ಹೋದೆ. ಅಲ್ಲಿಯೂ ಏಳನೇ ಪ್ರಶ್ನೆ: 'ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದೆಯೇ?' ಆಗ ಕೆಮ್ಮು ನುಂಗಲು ಅವಳ ಕೈಲಾಗಲಿಲ್ಲ. ಮತ್ತೊಂದು ಗೆರೆ, ಅದೂ ನನ್ನ ಕೈಯಿಂದಲೇ. ವಾಪಸು ಬರುವಾಗ ಆಸ್ಪತ್ರೆಗೆ ಹೋಗೋಣ ಎಂದೆ. "ಈ ಪಡುಗು ಐಪೋನೀ ಅನ್ನಾ," ಅಂದಳು. ಈ ಹಾಸು ಮುಗಿಯಲಿ ಎಂದು. ನಾನು ಒಪ್ಪಿಕೊಂಡೆ. ಹಾಸು ಅರ್ಧದಲ್ಲಿರುವಾಗ ಮಗ್ಗ ಬಿಟ್ಟು ಏಳಬಾರದು ಎನ್ನುವುದು ನಮ್ಮ ರೂಢಿ.

ಮೂರು ಸೀರೆ ಮುಗಿದವು. ನಾಲ್ಕನೆಯದರ ಸೆರಗು ನೇಯುವಾಗ ಅವಳು ಮಗ್ಗದ ಮೇಲೆಯೇ ಒರಗಿದಳು. ಎತ್ತಿಕೊಂಡು ಹೋದಾಗ ಡಾಕ್ಟರು ಎರಡೂ ಕಾಯಿಲೆಯ ಹೆಸರು ಹೇಳಿ, "ಇಷ್ಟು ದಿನ ಎಲ್ಲಿದ್ರಿ?" ಎಂದು ಬೈದರು. ಎಲ್ಲಿದ್ದೆವು ಸ್ವಾಮಿ? ತಮ್ಮ ಎರಡೂ ಫಾರಂಗಳ ಏಳನೇ ಪ್ರಶ್ನೆಯಲ್ಲಿದ್ದೆವು. ಹನ್ನೆರಡನೇ ದಿನ ಚಿಕ್ಕಕ್ಕ ಹೋದಳು. ಆ ಪೆನ್ನು ಹಿಡಿದ ಕೈ ನನ್ನದು ಎಂಬುದಕ್ಕೆ ನಾನು ಇಂದಿಗೂ ನನ್ನನ್ನು ಕ್ಷಮಿಸಿಕೊಂಡಿಲ್ಲ.

ತಿಂಗಳ ನಂತರ ದೀಪಿಕಾ ಮೇಡಂ ವರದಿಯ ಪ್ರತಿ ಕೊಡಲು ಬಂದವರು ವಿಷಯ ತಿಳಿದು ಜಗಲಿಯ ಮೇಲೆ ಕೂತರು. "ಎರಡು ಕಾಯಿಲೆ ಇದ್ರೆ ಲೆಕ್ಕ ಕಲಸಿಹೋಗುತ್ತೆ ಅಂತ ಬಿಟ್ವಿ ಸಾರ್. ಈಗ ಲೋಕದಲ್ಲೆಲ್ಲ ಸಂಶೋಧನೆ ಅದರ ಮೇಲೇ ನಡೀತಿದೆ. ಇಕ್ಕಟ್ಟಿನ ಮನೆ, ಅರೆಹೊಟ್ಟೆ ಇರೋ ಕಡೆ ಕಾಯಿಲೆಗಳು ಒಂದರ ಬೆನ್ನಿಗೆ ಒಂದು ನಿಂತು ಜೋರಾಗ್ತವೆ ಅಂತ," ಅಂದರು. ಇದೇ ಮಾತನ್ನು ಅವರು ತಮಗೂ ಬರೆದು ಕಳಿಸಿದ್ದಾರಂತೆ. ಲೋಕವನ್ನೆಲ್ಲ ಸುತ್ತಿ ಬಂದ ಈ ತಿಳಿವಳಿಕೆ ತಮ್ಮ ಮೇಜಿನ ಯಾವ ಕಡತದ ಕೆಳಗೆ ವಿಶ್ರಾಂತಿ ಪಡೆಯುತ್ತಿದೆ? ಚಳ್ಳಕೆರೆ ಪಕ್ಕದ ಉಳ್ಳಾರ್ತಿ ಕಾವಲಿನ ತನಕ ದೇಶದ ದೊಡ್ಡ ದೊಡ್ಡ ವಿಜ್ಞಾನ ಸಂಸ್ಥೆಗಳು ಬಂದಿವೆ. ನಮ್ಮ ಬೀದಿಗೆ ಬರಲು ಬರೇ ಒಂದು ಬಸ್ಸಿನ ದಾರಿ.

ನನ್ನ ಹತ್ತಿರ ಎರಡೂ ಸಮೀಕ್ಷೆಯ ನಕಲು ಪಟ್ಟಿಗಳಿದ್ದವು. ಪಕ್ಕಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಗೆರೆ ಬಿದ್ದವರು ಹದಿನಾಲ್ಕು ಜನ. ಅವರಲ್ಲಿ ಐದು ಜನ ಈಗ ಇಲ್ಲ. ಉಳಿದ ಒಂಬತ್ತು ಜನ ಇವತ್ತೂ ಕಿಟಕಿ ಮುಚ್ಚಿಕೊಂಡು ನೇಯುತ್ತಿದ್ದಾರೆ. ತಾವು ನಮಗೆ ತೋರಿಸಿದ ಸೊನ್ನೆಯೊಳಗೆ ಇವರೆಲ್ಲ ಇದ್ದಾರೆ. ಇದಕ್ಕೆ ತಮ್ಮ ಭಾಷೆಯಲ್ಲಿ 'ಕಂಡುಬಂದಿರುವುದಿಲ್ಲ' ಎನ್ನುತ್ತಾರೆಯೇ?

ಈಗ ಆರನೇ ತಂಡ ಬರುತ್ತಿದೆ. ಸೋಮವಾರದಿಂದ, ಹರೆಯದ ಹೆಣ್ಣುಮಕ್ಕಳ ರಕ್ತಹೀನತೆಯ ಅಧ್ಯಯನ, ತಮ್ಮದೇ ಮೊಹರು. ಫಾರಂ ಮೊದಲೇ ನನಗೆ ಕಳಿಸಿದ್ದಾರೆ. ಈ ಸಲ ಅದು ಒಂಬತ್ತನೇ ಪ್ರಶ್ನೆ: 'ಎರಡು ವಾರಕ್ಕಿಂತ ಹೆಚ್ಚು ಕೆಮ್ಮು ಇದ್ದರೆ ಕೈಬಿಡಿ.' ಆ ಸಾಲು ಓದುವಾಗ ಗೋಡೆಯಾಚೆ ದಿವ್ಯಾಳ ಮಗ್ಗ ಸದ್ದು ಮಾಡುತ್ತಿತ್ತು. ಅವ್ವನ ಮಗ್ಗದಲ್ಲೇ ಅವಳೂ ನೇಯುತ್ತಾಳೆ, ವಯಸ್ಸು ಹತ್ತೊಂಬತ್ತು. ಸದ್ದು ತಟ್ಟನೆ ನಿಂತಿತು. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಶುರುವಾಯಿತು. ಹೋಗಿ ನೋಡಿದರೆ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. "ಏನಿಲ್ಲ ಮಾವ, ಧೂಳು," ಅಂದಳು.

ಹಾಸು ಅರ್ಧದಲ್ಲಿತ್ತು. ನಾನೇ ಅವಳನ್ನು ಗುಂಡಿಯಿಂದ ಎಬ್ಬಿಸಿ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕಫ, ರಕ್ತ ಎರಡೂ ಕೊಟ್ಟು ಬಂದಿದ್ದೇವೆ, ಫಲಿತಾಂಶ ಇನ್ನೂ ಬಂದಿಲ್ಲ. ಒಬ್ಬಳನ್ನು ಮಾವ ಕರೆದೊಯ್ದ. ಉಳಿದವರಿಗೆ ಯಾರು?

ಬೇಡಿಕೆ ಇಷ್ಟೇ. ಸೋಮವಾರದ ಫಾರಂನಿಂದ ಒಂಬತ್ತನೇ ಪ್ರಶ್ನೆಯ 'ಕೈಬಿಡಿ' ಎಂಬ ಮಾತನ್ನು ತೆಗೆಯಿರಿ. ಕೆಮ್ಮು ಇದೆ ಎಂದವರಿಗೆ ಅಲ್ಲೇ, ಆಗಲೇ ಕಫ, ಸಕ್ಕರೆ, ರಕ್ತ ಮೂರನ್ನೂ ನೋಡಿಸಿ. ಕಾಯಿಲೆ ಸಿಕ್ಕಿದವರು ಮಗ್ಗ ಬಿಟ್ಟು ಎದ್ದರೆ ಗುಣವಾಗುವ ತನಕ ಅವರ ಮನೆಯ ಊಟಕ್ಕೆ ದಾರಿ ಮಾಡಿ, ಇಲ್ಲದಿದ್ದರೆ ಅವರು ಏಳುವುದಿಲ್ಲ. ಅಲ್ಲಿಯವರೆಗೆ ನಾನು ತಮ್ಮ ಯಾವ ಪ್ರಶ್ನೆಯನ್ನೂ ತೆಲುಗಿನಲ್ಲಿ ಕೇಳುವುದಿಲ್ಲ.

ಅನುಮಾನವಿದ್ದರೆ ತಾವೇ ಬನ್ನಿ. ಫಾರಂ ಬೇಡ, ಪೆನ್ನು ಬೇಡ. ಮಧ್ಯಾಹ್ನ ನಮ್ಮ ಬೀದಿಯಲ್ಲಿ ಸುಮ್ಮನೆ ನಿಂತು ಕಿವಿಗೊಡಿ. ಯಾರೂ ಕೆಮ್ಮುವುದಿಲ್ಲ. ಮಗ್ಗಗಳು ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ಹೋದ ತಿಂಗಳು ಹೀಗೆ ನಿಲ್ಲುತ್ತಿದ್ದವು ನಾಲ್ಕು. ನಿನ್ನೆ ಏಳು ಎಣಿಸಿದೆ.

ಇಂತಿ,
ತಂಗಿಯ ಹೆಸರಿನ ಮೇಲೆ ಎರಡು ಸಲ ಗೆರೆ ಎಳೆದ,
ಮೂರನೆಯದನ್ನು ಎಳೆಯಲೊಲ್ಲದ
ಹೊನ್ನೂರಸ್ವಾಮಿ, ನೇಕಾರ, ಮೊಳಕಾಲ್ಮೂರು